ಒಂದು ದೊಡ್ಡ ಸಂಖ್ಯೆಯನ್ನು ಪೂರ್ತಿ ಬಿಡಿಸಿ ನೋಡುವುದು ಹೇಗೆ? ಶಿವಮೊಗ್ಗದ 577201 ಹಿಡಿದು ಹಂತ ಹಂತವಾಗಿ

577201. ಶಿವಮೊಗ್ಗದ ಪಿನ್ ಕೋಡ್. ಮನೆಗೆ ಪಾಠಕ್ಕೆ ಬರುವ ಹೈಸ್ಕೂಲ್ ಮಕ್ಕಳಿಗೆ ಈ ಮಳೆಗಾಲದಲ್ಲಿ ನಾನು ಕೊಟ್ಟ ಕೆಲಸ ಇದೊಂದೇ. ಇದು ಪಿನ್ ಕೋಡ್ ಅನ್ನೋದನ್ನು ಮರೆತುಬಿಡಿ, ಐದು ಲಕ್ಷದ ಎಪ್ಪತ್ತೇಳು ಸಾವಿರದ ಇನ್ನೂರ ಒಂದು ಅಂತ ಓದಿ, ಈ ಸಂಖ್ಯೆಯ ಬಗ್ಗೆ ಏನೇನು ಹೇಳಲು ಸಾಧ್ಯವೋ ಎಲ್ಲ ಬರೆದು ತನ್ನಿ ಎಂದೆ.

ಬಂದ ಉತ್ತರಗಳಲ್ಲಿ ಜಾಸ್ತಿ ಒಂದೇ ಸಾಲಿನವು: "ಇದು ಅವಿಭಾಜ್ಯ ಸಂಖ್ಯೆ." ಅದು ತಪ್ಪು. ಹೇಗೆ ತೀರ್ಮಾನ ಮಾಡಿದಿರಿ ಎಂದು ಕೇಳಿದರೆ ಎಲ್ಲರೂ ಹೇಳಿದ್ದು ಒಂದೇ. 2, 3, 5, 7, 11, 13 ಯಾವುದರಿಂದಲೂ ಹೋಗಲಿಲ್ಲ, ಅಲ್ಲಿಗೆ ನಿಲ್ಲಿಸಿದೆವು. ಇನ್ನು ಕೆಲವರು ಇದಕ್ಕೆ ಉಲ್ಟಾ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದೆ ಮುನ್ನೂರರವರೆಗೆ ಭಾಗಿಸುತ್ತಾ ಹೋಗಿ, ಬೇಸತ್ತು ಪುಸ್ತಕ ಮುಚ್ಚಿದ್ದರು. ಮಕ್ಕಳ ಜೊತೆ ಕೂತ ಅಪ್ಪ ಅಮ್ಮಂದಿರೂ ಅಲ್ಲೇ ಸಿಕ್ಕಿಕೊಂಡಿದ್ದರು.

ಭಾಗಾಕಾರ ಬರದೆ ಸೋತವರು ಇವರಲ್ಲಿ ಯಾರೂ ಇಲ್ಲ. ಎಲ್ಲಿ ನಿಲ್ಲಬೇಕು, ಯಾವುದನ್ನು ಮೊದಲು ಮಾಡಬೇಕು ಅನ್ನೋದು ಗೊತ್ತಿಲ್ಲದೆ ಸೋತಿದ್ದಾರೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ.

## ಬೇಕಾಗುವ ಸಾಮಾನು

ಚೌಕುಳಿ ಗೆರೆಯ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಅಂಕಿಗಳು ಒಂದರ ಕೆಳಗೆ ಒಂದು ನೇರ ಕೂರದಿದ್ದರೆ ಅರ್ಧ ತಪ್ಪು ಅಲ್ಲೇ ಹುಟ್ಟುತ್ತದೆ. ಹಾಗಾಗಿ ಚೌಕುಳಿ ಪುಸ್ತಕವೇ ಆಗಬೇಕು.

100ರ ಒಳಗಿನ 25 ಅವಿಭಾಜ್ಯ ಸಂಖ್ಯೆಗಳನ್ನು ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ: 2, 3, 5, 7, 11, 13, 17, 19, 23, 29, 31, 37, 41, 43, 47, 53, 59, 61, 67, 71, 73, 79, 83, 89, 97. ಇದರಲ್ಲಿ 51, 57, 87, 91 ಇಲ್ಲ ಅನ್ನೋದನ್ನು ಗಮನಿಸಿ. ಈ ನಾಲ್ಕನ್ನು ಜನ ಅವಿಭಾಜ್ಯ ಅಂತ ಸೇರಿಸಿಬಿಡುತ್ತಾರೆ. 51 ಅಂದರೆ 3×17, 57 ಅಂದರೆ 3×19, 87 ಅಂದರೆ 3×29, 91 ಅಂದರೆ 7×13.

ಕ್ಯಾಲ್ಕುಲೇಟರ್ ಕೊನೆಯಲ್ಲಿ ತಾಳೆ ನೋಡಲು ಮಾತ್ರ. ಮೊದಲೇ ಹಿಡಿದರೆ ಏನಾಗುತ್ತದೆ ಅನ್ನೋದನ್ನು ಹಂತ 6ರಲ್ಲಿ ಹೇಳುತ್ತೇನೆ.

## ಹಂತ 1: ಸಂಖ್ಯೆಯನ್ನು ಇಡಿಯಾಗಿ ಬರೆಯಿರಿ

5,77,201 ಎಂದು ಅಲ್ಪವಿರಾಮ ಹಾಕಿ ಬರೆದು, ಒಮ್ಮೆ ಗಟ್ಟಿಯಾಗಿ ಓದಿ. ಸುಮ್ನೆ ಹೇಳುತ್ತಿಲ್ಲ. ಒಬ್ಬ ಹುಡುಗ ಮೂರು ದಿನ 577021 ಬಿಡಿಸುತ್ತಾ ಕೂತಿದ್ದ.

ಇಲ್ಲಿ ಆಗುವ ದೊಡ್ಡ ತಪ್ಪು ಸಂಖ್ಯೆಯನ್ನು ಮುರಿಯುವುದು. ಪಿನ್ ಕೋಡ್ ಅಲ್ವಾ, ಕಣ್ಣು ತಾನಾಗಿ 577 ಮತ್ತು 201 ಎಂದು ಎರಡು ತುಂಡು ಮಾಡುತ್ತದೆ. 201 ಅಂದರೆ 3×67, ಹಾಗಾಗಿ ಇಡೀ ಸಂಖ್ಯೆಯೂ 3ರಿಂದ ಹೋಗುತ್ತದೆ ಎಂದು ಬರೆದವರಿದ್ದಾರೆ. ಆದರೆ ಇಡೀ ಸಂಖ್ಯೆ 577×1000 + 201. ಎರಡನೇ ತುಂಡನ್ನು 3 ಭಾಗಿಸಿದ ಮಾತ್ರಕ್ಕೆ ಆಗಲಿಲ್ಲ, ಮೊದಲನೆಯದನ್ನೂ ಭಾಗಿಸಬೇಕು. 577 ಸ್ವತಃ ಅವಿಭಾಜ್ಯ, 3 ಅದನ್ನು ಭಾಗಿಸುವುದಿಲ್ಲ. ಹಾಗಾಗಿ ಇಡೀ ಸಂಖ್ಯೆಯೂ 3ರಿಂದ ಹೋಗುವುದಿಲ್ಲ.

## ಹಂತ 2: ಮೊದಲು ಗಡಿ ಹಾಕಿ, ಆಮೇಲೆ ಭಾಗಿಸಿ

ಎಲ್ಲರೂ ಬಿಡುವ ಹಂತ ಇದು. ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅದರಲ್ಲಿ ಒಂದಾದರೂ ವರ್ಗಮೂಲದ ಒಳಗೇ ಇರಬೇಕು. ಎರಡೂ ವರ್ಗಮೂಲಕ್ಕಿಂತ ದೊಡ್ಡದಾದರೆ ಗುಣಲಬ್ಧವೇ ಸಂಖ್ಯೆಯನ್ನು ದಾಟಿಬಿಡುತ್ತದೆ. ಆದ್ದರಿಂದ ಹುಡುಕಾಟದ ಗಡಿ ವರ್ಗಮೂಲ. ಸಂಖ್ಯೆಯ ಅರ್ಧ ಅಲ್ಲ, 13 ಅಂತೂ ಅಲ್ಲವೇ ಅಲ್ಲ.

ಕೈ ಪಳಗಲು ಜೋಗವನ್ನು ತೆಗೆದುಕೊಳ್ಳಿ. ಜೋಗದ ಎತ್ತರ 253 ಮೀಟರ್. ನೋಡಲು 253 ಅವಿಭಾಜ್ಯದ ಹಾಗೇ ಕಾಣುತ್ತದೆ. 16×16 = 256, ಅಂದರೆ 13ರವರೆಗೆ ನೋಡಿದರೆ ಸಾಕು. 11ಕ್ಕೇ ಸಿಗುತ್ತದೆ: 253 = 11×23. ಇದೇ ಎತ್ತರವನ್ನು ಅಡಿಯಲ್ಲಿ ಹೇಳಿದರೆ ಸುಮಾರು 830, ಅದು 2×5×83. ಜಲಪಾತ ಅದೇ, ಅಪವರ್ತನಗಳು ಬೇರೆ. ನಾವು ನೋಡುತ್ತಿರುವ ಗುಣಗಳೆಲ್ಲ ಸಂಖ್ಯೆಯವು, ಅದು ಹೆಸರಿಸುವ ಜಾಗದವಲ್ಲ. ಇದು ತಲೆಯಲ್ಲಿರಲಿ.

ಈಗ ನಮ್ಮ ಸಂಖ್ಯೆ. 759×759 = 576081. 760×760 = 577600. ನಮ್ಮದು ಇವೆರಡರ ನಡುವೆ ಇದೆ. ಗಡಿ 759. ಅದರೊಳಗಿನ ಕೊನೆಯ ಅವಿಭಾಜ್ಯ 757. 2ರಿಂದ 757ರವರೆಗೆ ಒಟ್ಟು 134 ಅವಿಭಾಜ್ಯಗಳಿವೆ.

134 ಅಂದ ಕೂಡಲೇ ಹೆದರಬೇಡಿ. ಅಷ್ಟೂ ಮಾಡಬೇಕಾಗಿ ಬರುವುದು ಸಂಖ್ಯೆ ನಿಜಕ್ಕೂ ಅವಿಭಾಜ್ಯವಾಗಿದ್ದರೆ, ಇಲ್ಲವೇ ಅದರ ಚಿಕ್ಕ ಅಪವರ್ತನವೇ ತುಂಬಾ ದೊಡ್ಡದಿದ್ದರೆ ಮಾತ್ರ. ಆದರೆ ಗಡಿಯನ್ನು ಪುಟದ ಮೇಲ್ತುದಿಯಲ್ಲಿ ಬರೆದು ಸುತ್ತು ಹಾಕಿ. ಅದನ್ನು ಮುಟ್ಟದೆ "ಅವಿಭಾಜ್ಯ" ಎಂಬ ಪದ ಬರೆಯುವ ಹಾಗಿಲ್ಲ.

## ಹಂತ 3: ಪಕ್ಕದ ಸಂಖ್ಯೆಯನ್ನು ಬಿಡಿಸಿ

ಇದು ನನಗೆ ತುಂಬಾ ಇಷ್ಟದ ಹಂತ. ಒಂದರ ಪಕ್ಕ ಒಂದು ಇರುವ ಎರಡು ಸಂಖ್ಯೆಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇರುವುದಿಲ್ಲ. ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಬೇಕು. ಇಲ್ಲಿ ವ್ಯತ್ಯಾಸ 1.

ನಮ್ಮ ಪಕ್ಕದ್ದು 577200. ಎರಡು ಸೊನ್ನೆ ಇರುವುದರಿಂದ ಇದು ಬೇಗ ಬಿಡುತ್ತದೆ. 5772×100. 5772 ಅಂದರೆ 4×1443. 1443 ಅಂದರೆ 3×481. 481 ಅಂದರೆ 13×37. ಹಾಗಾಗಿ 577200ರಲ್ಲಿರುವ ಅವಿಭಾಜ್ಯಗಳು 2, 3, 5, 13, 37. ಈ ಐದೂ 577201ರಲ್ಲಿ ಇರಲು ಸಾಧ್ಯವೇ ಇಲ್ಲ. ಒಂದೇ ಏಟಿಗೆ ಐದನ್ನೂ ಪಟ್ಟಿಯಿಂದ ಹೊಡೆದುಹಾಕಿ.

ಪಕ್ಕದ ಸಂಖ್ಯೆ ಸುಲಭವಾಗಿ ಬಿಡದಿದ್ದರೆ ಅದರ ಹಿಂದೆ ಬೀಳಬೇಡಿ. ಎರಡು ನಿಮಿಷ ನೋಡಿ, ಆಗದಿದ್ದರೆ ಮುಂದಕ್ಕೆ ಹೋಗಿ.

## ಹಂತ 4: 7, 11, 13 ಮೂರಕ್ಕೂ ಒಂದೇ ಕಳೆಯುವ ಲೆಕ್ಕ

7×11×13 = 1001. ಇದನ್ನು ನೆನಪಿಟ್ಟರೆ ಆರಂಕಿಯ ಸಂಖ್ಯೆಗೆ ಮೂರು ದೊಡ್ಡ ಭಾಗಾಕಾರ ಮಾಡುವ ಕೆಲಸ ತಪ್ಪುತ್ತದೆ. 1000 ಅಂದರೆ 1001ಕ್ಕಿಂತ ಒಂದು ಕಡಿಮೆ, ಹಾಗಾಗಿ ಈ ಮೂರರ ಮಟ್ಟಿಗೆ 577×1000 ಅನ್ನೋದು −577 ಇದ್ದ ಹಾಗೆ. ಕೊನೆಯ ಮೂರು ಅಂಕಿಗಳಿಂದ ಮೊದಲ ಮೂರು ಅಂಕಿಗಳನ್ನು ಕಳೆಯಿರಿ: 201 − 577 = −376.

ಈಗ 376 ಅನ್ನು ಮಾತ್ರ ನೋಡಿ. 7ರಿಂದ ಭಾಗಿಸಿದರೆ ಶೇಷ 5. 11ರಿಂದ 2. 13ರಿಂದ 12. ಯಾವುದೂ ಸೊನ್ನೆ ಅಲ್ಲ. ಮೂರೂ ಪಟ್ಟಿಯಿಂದ ಹೊರಬಿದ್ದವು. 13 ಹಿಂದಿನ ಹಂತದಲ್ಲೇ ಹೊರಬಿದ್ದಿತ್ತು. ಎರಡು ದಾರಿಯಲ್ಲೂ ಒಂದೇ ಉತ್ತರ ಬಂತು ಅಂದರೆ ಲೆಕ್ಕ ಸರಿ ಇದೆ.

ಋಣ ಚಿಹ್ನೆಯನ್ನು ಮರೆಯಬೇಡಿ. 376ನ್ನು 13ರಿಂದ ಭಾಗಿಸಿದಾಗ ಬಂದ 12 ಮೂಲ ಸಂಖ್ಯೆಯ ಶೇಷವಲ್ಲ. ಇದ್ದದ್ದು −376, ಹಾಗಾಗಿ ನಿಜವಾದ ಶೇಷ 13 − 12 = 1. 577200 ಎಂಬುದು 13ರಿಂದ ಪೂರ್ತಿ ಹೋಗುತ್ತದೆ ಎಂದು ಆಗಲೇ ಕಂಡೆವು, ಹಾಗಾಗಿ 1 ಉಳಿಯಲೇಬೇಕು. ತಾಳೆಯಾಯಿತು.

ಇನ್ನೊಂದು ಮಾತು. ಹೆಚ್ಚಿನವರು ನಿಲ್ಲಿಸುವ ಜಾಗ ಇದೇ. ಶಾಲೆಯಲ್ಲಿ ಕಲಿತ ಭಾಜ್ಯತೆಯ ನಿಯಮಗಳು ಇಲ್ಲಿಗೆ ಮುಗಿಯುತ್ತವೆ. ನಿಯಮ ಮುಗಿಯಿತು ಅಂದರೆ ಹುಡುಕಾಟ ಮುಗಿಯಿತು ಅಂತ ಅಲ್ಲ. ಮೇಲೆ ಸುತ್ತು ಹಾಕಿದ 759 ನೋಡಿ. ನಾವಿನ್ನೂ 13ರಲ್ಲಿದ್ದೇವೆ.

## ಹಂತ 5: 17 ಮತ್ತು 19

17ಕ್ಕೆ: ಕೊನೆಯ ಅಂಕಿಯನ್ನು ತೆಗೆದು, ಅದರ ಐದರಷ್ಟನ್ನು ಉಳಿದದ್ದರಿಂದ ಕಳೆಯಿರಿ. ಚಿಕ್ಕ ಸಂಖ್ಯೆ ಬರುವವರೆಗೆ ಇದನ್ನೇ ಮಾಡುತ್ತಾ ಹೋಗಿ.

57720 − 5 = 57715
5771 − 25 = 5746
574 − 30 = 544
54 − 20 = 34

34 ಅಂದರೆ 17×2. ಸಿಕ್ಕಿತು! 577201 ಖಂಡಿತ 17ರಿಂದ ಹೋಗುತ್ತದೆ. ಈಗ ನಿಜವಾದ ಭಾಗಾಕಾರ ಮಾಡಿ: 577201 ÷ 17 = 33953.

ಈ ಉಪಾಯ ಯಾಕೆ ನಡೆಯುತ್ತದೆ? ಕೊನೆಯ ಅಂಕಿಯ ಐದರಷ್ಟು ಕಳೆದು, ಬಂದದ್ದನ್ನು ಹತ್ತರಿಂದ ಗುಣಿಸಿದರೆ ಮೂಲ ಸಂಖ್ಯೆಗಿಂತ ಆ ಅಂಕಿಯ 51ರಷ್ಟು ಕಡಿಮೆ ಸಿಗುತ್ತದೆ. 51 ಅಂದರೆ 3×17. 17ರ ಮಟ್ಟಿಗೆ ಅದು ಕಳೆದರೂ ಒಂದೇ, ಬಿಟ್ಟರೂ ಒಂದೇ.

19ಕ್ಕೆ ಇದೇ ಥರ. ಕೊನೆಯ ಅಂಕಿಯ ಎರಡರಷ್ಟನ್ನು ಕೂಡಿಸಬೇಕು. ಈಗ ನಮ್ಮ ಕೈಯಲ್ಲಿರುವುದು 33953, ಅದರ ಮೇಲೆ ಮಾಡಿ. 3395 + 6 = 3401. 340 + 2 = 342. 34 + 4 = 38. ಅದು 19×2. ಮತ್ತೆ ಸಿಕ್ಕಿತು. 33953 ÷ 19 = 1787.

ಎರಡು ಎಚ್ಚರಿಕೆ. ಒಂದು, 17 ಸಿಕ್ಕ ಕೂಡಲೇ 19ಕ್ಕೆ ಓಡಬೇಡಿ. ಅದೇ 17 ಇನ್ನೊಂದು ಸಲ ಇರಬಹುದು. 33953ರ ಮೇಲೆ 17ರ ಉಪಾಯ ಮಾಡಿ: 3395 − 15 = 3380, 338 − 0 = 338, 33 − 40 = −7. ಇಲ್ಲ. ಈಗ 19ಕ್ಕೆ ಹೋಗಬಹುದು. ಎರಡು, ಈ ಎರಡು ಉಪಾಯಗಳು ಹೌದು ಅಥವಾ ಇಲ್ಲ ಅಂತ ಮಾತ್ರ ಹೇಳುತ್ತವೆ, ಶೇಷ ಹೇಳುವುದಿಲ್ಲ. ಆ −7ರಿಂದ ಶೇಷ 10 ಎಂದು ಬರೆದರೆ ತಪ್ಪು. 33953 ಅನ್ನು 17ರಿಂದ ಭಾಗಿಸಿದರೆ ಉಳಿಯುವುದು 4. ಶೇಷವೂ ಬೇಕಿದ್ದರೆ ಭಾಗಾಕಾರವನ್ನೇ ಮಾಡಬೇಕು.

## ಹಂತ 6: ಪ್ರತಿ ಸಲ ಗಡಿಯನ್ನು ಮತ್ತೆ ಹಾಕಿ

ಈಗ 577201 = 17×19×1787. 1787 ಅವಿಭಾಜ್ಯವೋ? ಇಲ್ಲಿ ಜನ ಮತ್ತೆ ಹಳೆಯ ಗಡಿ 759 ಇಟ್ಟುಕೊಂಡು ಒದ್ದಾಡುತ್ತಾರೆ. ಅದು ಬೇಡ. ಈಗ ಹುಡುಕುತ್ತಿರುವುದು 1787ರೊಳಗೆ. 42×42 = 1764, 43×43 = 1849. ಹೊಸ ಗಡಿ 42. ಅದರೊಳಗೆ ಇರುವುದು 13 ಅವಿಭಾಜ್ಯಗಳು. 134 ಇದ್ದದ್ದು 13 ಆಯಿತು.

ಅದರಲ್ಲೂ ಬಹಳಷ್ಟು ಈಗಾಗಲೇ ಪಟ್ಟಿಯಿಂದ ಹೊರಬಿದ್ದಿವೆ. 7 ಇಡೀ ಸಂಖ್ಯೆಯನ್ನೇ ಭಾಗಿಸದಿದ್ದರೆ ಅದರ ಒಂದು ತುಂಡನ್ನು ಹೇಗೆ ಭಾಗಿಸುತ್ತದೆ? 2, 3, 5, 7, 11, 13, 37 ಹೀಗೆ ಹೊರಬಿದ್ದವು. 17 ಇನ್ನೊಮ್ಮೆ ಇಲ್ಲ ಅಂತ ನೋಡಿಯಾಗಿದೆ. ಉಳಿದದ್ದು ಐದೇ ಐದು:

19ರಿಂದ ಶೇಷ 1
23ರಿಂದ ಶೇಷ 16
29ರಿಂದ ಶೇಷ 18
31ರಿಂದ ಶೇಷ 20
41ರಿಂದ ಶೇಷ 24

ಗಡಿ ಮುಟ್ಟಿದೆವು. 1787 ಅವಿಭಾಜ್ಯ ಎಂದು ಈಗ ಧೈರ್ಯವಾಗಿ ಬರೆಯಬಹುದು.

ಕ್ಯಾಲ್ಕುಲೇಟರ್ ಮಾತು ಇಲ್ಲಿ. 577201 ÷ 37 ಒತ್ತಿದರೆ 15600.027 ಎಂದು ಬರುತ್ತದೆ. ಅವಸರದಲ್ಲಿ ನೋಡಿದ ಒಂದು ಮಗು "15600, ಸರಿಯಾಗಿ ಹೋಯಿತು" ಎಂದು ಬರೆದಿತ್ತು. ದಶಮಾಂಶದ ಬಾಲ ಎಷ್ಟು ಚಿಕ್ಕದಿದ್ದರೂ ಅದು ಶೇಷವೇ. ಬಿಂದುವಿನ ನಂತರ ಏನಾದರೂ ಇದ್ದರೆ ಹೋಗಲಿಲ್ಲ ಎಂದೇ ಅರ್ಥ. ಅನುಮಾನ ಬಂದರೆ ಪೂರ್ಣ ಭಾಗವನ್ನು ವಾಪಸ್ ಗುಣಿಸಿ: 15600×37 = 577200. ಒಂದು ಕಡಿಮೆ.

## ಹಂತ 7: ಮುಂದೆ ಹೋಗುವ ಮೊದಲು ತಾಳೆ ನೋಡಿ

ಇನ್ನು ಮುಂದಿನ ಎಲ್ಲ ಗುಣಗಳೂ ಈ ಮೂರು ಅಪವರ್ತನಗಳಿಂದಲೇ ಬರುತ್ತವೆ. ಇಲ್ಲಿ ತಪ್ಪಿದ್ದರೆ ಮುಂದೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಅಂಕಿಗಳನ್ನು ಕೂಡಿಸಿ ಒಂದಂಕಿಗೆ ತನ್ನಿ. 577201: 5+7+7+2+0+1 = 22, 2+2 = 4. ಅಪವರ್ತನಗಳು: 17ಕ್ಕೆ 8, 19ಕ್ಕೆ 10 ಬಂದು 1, 1787ಕ್ಕೆ 23 ಬಂದು 5. ಇವನ್ನು ಗುಣಿಸಿ: 8×1×5 = 40, ಅದು 4. ಎರಡೂ ಕಡೆ 4.

ಈ ತಾಳೆ ಒಂದು ಥರದ ತಪ್ಪನ್ನು ಹಿಡಿಯುವುದಿಲ್ಲ. ಅಂಕಿಗಳು ಅದಲುಬದಲಾದರೆ, ಉದಾಹರಣೆಗೆ 1787 ಬದಲು 1877 ಬರೆದರೆ, ಮೊತ್ತ ಅದೇ ಬರುತ್ತದೆ. ಅದಕ್ಕೆ 11ರ ತಾಳೆಯನ್ನೂ ಸೇರಿಸಿ. ಬಲದಿಂದ ಶುರುಮಾಡಿ ಒಂದು ಅಂಕಿ ಕೂಡಿಸಿ, ಒಂದು ಕಳೆಯುತ್ತಾ ಹೋಗಿ: 1−0+2−7+7−5 = −2, ಅಂದರೆ 9. ಅಪವರ್ತನಗಳಿಗೆ 6, 8, 5 ಬರುತ್ತದೆ. 6×8×5 = 240. ಅದನ್ನು 11ರಿಂದ ಭಾಗಿಸಿದರೆ ಶೇಷ 9. ಸರಿ ಇದೆ.

## ಹಂತ 8: ಭಾಜಕಗಳನ್ನು ಎಣಿಸಿ, ಕೂಡಿಸಿ

ಮೂರು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದೇ ಸಲ. ಒಂದು ಭಾಜಕ ಮಾಡಲು ಪ್ರತಿ ಅವಿಭಾಜ್ಯವನ್ನು ತೆಗೆದುಕೊಳ್ಳಬಹುದು, ಇಲ್ಲವೇ ಬಿಡಬಹುದು. 2×2×2 = 8 ಭಾಜಕಗಳು: 1, 17, 19, 323, 1787, 30379, 33953, 577201. ಯಾವುದಾದರೂ ಅವಿಭಾಜ್ಯ ಎರಡು ಸಲ ಇದ್ದಿದ್ದರೆ ಅದರ ಜಾಗದಲ್ಲಿ 2ರ ಬದಲು 3 ಹಾಕಬೇಕಿತ್ತು.

ತೋಟದ ಲೆಕ್ಕದಲ್ಲಿ ನೋಡಿ. 577201 ಅಡಿಕೆ ಸಸಿಗಳನ್ನು ಒಂದೂ ಉಳಿಯದ ಹಾಗೆ ಸಮನಾದ ಸಾಲುಗಳಲ್ಲಿ ನೆಡಬೇಕು. ಹಾಗೆ ನೆಡಲು ನಾಲ್ಕೇ ಆಕಾರ: 1×577201, 17×33953, 19×30379, 323×1787. ಕೊನೆಯದು ಮಾತ್ರ ತೋಟದ ಹಾಗೆ ಕಾಣುತ್ತದೆ. ಉಳಿದವು ಕಾಲುವೆಯಷ್ಟು ಉದ್ದ.

ತಪ್ಪಿನ ಗುರುತು: ಭಾಜಕಗಳ ಎಣಿಕೆ ಬೆಸ ಬಂದರೆ ಸಂಖ್ಯೆ ಪೂರ್ಣವರ್ಗ ಆಗಿರಬೇಕು. ಪೂರ್ಣವರ್ಗ ಅಲ್ಲದಿದ್ದರೂ ನಿಮಗೆ 7 ಬಂದಿದ್ದರೆ ಒಂದನ್ನು ಬಿಟ್ಟಿದ್ದೀರಿ. ಸಾಮಾನ್ಯವಾಗಿ ಬಿಡುವುದು 1, ಇಲ್ಲವೇ ಸಂಖ್ಯೆಯನ್ನೇ.

ಎಲ್ಲ ಭಾಜಕಗಳ ಮೊತ್ತಕ್ಕೆ ಒಂದೊಂದು ಅವಿಭಾಜ್ಯಕ್ಕೂ 1 ಕೂಡಿಸಿ ಗುಣಿಸಿ: 18×20×1788 = 643680. ಇದರಿಂದ ಸಂಖ್ಯೆಯನ್ನೇ ಕಳೆದರೆ 66479. ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳೆಲ್ಲ ಸೇರಿದರೂ ಸಂಖ್ಯೆಗೆ ತುಂಬಾ ಕಡಿಮೆ. ಇಂಥದ್ದಕ್ಕೆ ಕೊರತೆಯ ಸಂಖ್ಯೆ ಎನ್ನಬಹುದು. 6 ಇದ್ದ ಹಾಗೆ (1+2+3 = 6) ಸರಿಸಮ ಬಂದಿದ್ದರೆ ಪರಿಪೂರ್ಣ ಸಂಖ್ಯೆ ಆಗುತ್ತಿತ್ತು. 17+19+1787 ಕೂಡಿಸಿ ಅದನ್ನೇ ಭಾಜಕಗಳ ಮೊತ್ತ ಅನ್ನಬೇಡಿ. ಅದು ಅವಿಭಾಜ್ಯ ಅಪವರ್ತನಗಳ ಮೊತ್ತ, ಬೇರೆ ವಿಷಯ.

ಕೂಡಿಸುವ ಬದಲು 1 ಕಳೆದು ಗುಣಿಸಿದರೆ 16×18×1786 = 514368. 1ರಿಂದ 577201ರವರೆಗಿನ ಸಂಖ್ಯೆಗಳಲ್ಲಿ ಇಷ್ಟಕ್ಕೆ ನಮ್ಮ ಸಂಖ್ಯೆಯ ಜೊತೆ 1 ಬಿಟ್ಟು ಸಾಮಾನ್ಯ ಭಾಜಕವೇ ಇಲ್ಲ. ಅವಿಭಾಜ್ಯಗಳು ಪುನರಾವರ್ತನೆ ಆಗದಿದ್ದಾಗ ಮಾತ್ರ ಈ ಎರಡು ಸೂತ್ರ ಇಷ್ಟು ಸರಳ.

## ಹಂತ 9: ವರ್ಗಗಳ ಪರೀಕ್ಷೆ

ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ನಿಧಾನ ಮಾಡಿ.

ಮೊದಲು, ಪೂರ್ಣವರ್ಗವೋ? ಪೂರ್ಣವರ್ಗದ ಅಂಕಿಮೊತ್ತ ಕೊನೆಗೆ 1, 4, 7 ಅಥವಾ 9 ಬರಬೇಕು. ನಮ್ಮದು 4, ಸರಿ. ಬೆಸ ವರ್ಗವನ್ನು 8ರಿಂದ ಭಾಗಿಸಿದರೆ 1 ಉಳಿಯಬೇಕು. ನಮ್ಮದೂ 1. ಕೊನೆಯ ಎರಡು ಅಂಕಿ 01, ಅದೂ ವರ್ಗಗಳಲ್ಲಿ ಬರುತ್ತದೆ (51×51 = 2601). ಎಲ್ಲ ಪರೀಕ್ಷೆಯಲ್ಲೂ ಪಾಸ್. ಆದರೂ ಇದು ಪೂರ್ಣವರ್ಗ ಅಲ್ಲ. 759ರ ವರ್ಗಕ್ಕಿಂತ ದೊಡ್ಡದು, 760ರ ವರ್ಗಕ್ಕಿಂತ ಚಿಕ್ಕದು. ಇಂಥ ಚುಟುಕು ಪರೀಕ್ಷೆಗಳಿಂದ ಒಂದು ಸಂಖ್ಯೆಯನ್ನು ತಳ್ಳಿಹಾಕಬಹುದು, ಒಪ್ಪಿಕೊಳ್ಳಲು ಆಗದು.

ಎರಡನೆಯದು, ಎರಡು ವರ್ಗಗಳ ಮೊತ್ತವೋ? ಅಂದರೆ ಅಷ್ಟೂ ಸಸಿಗಳನ್ನು ಎರಡು ಚೌಕ ತೋಟಗಳಲ್ಲಿ ನೆಡಲು ಆಗುತ್ತದೆಯೋ? 4ರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯಗಳು ಎರಡು ವರ್ಗಗಳ ಮೊತ್ತ ಆಗುತ್ತವೆ ಎಂದು ಕಲಿತವರು ಇಲ್ಲಿ ಬೀಳುತ್ತಾರೆ. 577201 ಅನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಹಾಗಾಗಿ ಆಗುತ್ತದೆ ಎಂದು ಬರೆಯುತ್ತಾರೆ. ಆದರೆ ಆ ನಿಯಮ ಅವಿಭಾಜ್ಯಕ್ಕೆ. ನಮ್ಮದು ಸಂಯುಕ್ತ ಸಂಖ್ಯೆ, ಅದರ ಒಳಗೆ ನೋಡಬೇಕು. 4ರಿಂದ ಭಾಗಿಸಿದಾಗ 3 ಉಳಿಯುವ ಪ್ರತಿ ಅವಿಭಾಜ್ಯವೂ ಸಮಸಂಖ್ಯೆಯಷ್ಟು ಸಲ ಇರಬೇಕು. 17ಕ್ಕೆ ಉಳಿಯುವುದು 1, ತೊಂದರೆ ಇಲ್ಲ. 19ಕ್ಕೆ 3. 1787ಕ್ಕೂ 3. ಎರಡೂ ಒಂದೊಂದೇ ಸಲ ಇವೆ. ಹಾಗಾಗಿ ಎಷ್ಟು ಹುಡುಕಿದರೂ ಎರಡು ಚೌಕ ಸಿಗುವುದಿಲ್ಲ. ಹೊರಗಿನಿಂದ 1 ಕಂಡದ್ದು ಯಾಕೆ ಗೊತ್ತಾ? 3×3 = 9, ಅದನ್ನು 4ರಿಂದ ಭಾಗಿಸಿದರೆ 1. ಎರಡು ಅಡ್ಡಿಗಳು ಸೇರಿ ಒಂದನ್ನೊಂದು ಮರೆಮಾಡಿವೆ.

ಮೂರು ಚೌಕ ತೋಟ ಆದರೆ? ಆಗುತ್ತದೆ. 8ರಿಂದ ಭಾಗಿಸಿದಾಗ 7 ಉಳಿಯುವ ಸಂಖ್ಯೆಗಳು, ಮತ್ತು ಅಂಥವನ್ನು 4ರಿಂದ ಒಮ್ಮೆಯೋ ಹಲವು ಸಲವೋ ಗುಣಿಸಿದವು ಮಾತ್ರ ಮೂರು ವರ್ಗಗಳ ಮೊತ್ತ ಆಗುವುದಿಲ್ಲ. ನಮ್ಮದಕ್ಕೆ 1 ಉಳಿಯುತ್ತದೆ, ಹಾಗಾಗಿ ಉತ್ತರ ಇದ್ದೇ ಇದೆ. ಮೇಲಿನಿಂದ ಹುಡುಕಿ. 759ರ ವರ್ಗ ಕಳೆದರೆ 1120. ಅದು 32×5×7. 7 ಒಂದೇ ಸಲ ಇದೆ, ಈಗ ತಾನೇ ನೋಡಿದ ನಿಯಮದಂತೆ ಎರಡು ವರ್ಗ ಆಗದು. 758ರ ವರ್ಗ 574564 ಕಳೆದರೆ 2637. ಅದು 9×293. 293 = 17² + 2². ಎಲ್ಲವನ್ನೂ 3ರಿಂದ ಹಿಗ್ಗಿಸಿ: 51² + 6². ಸೇರಿಸಿದರೆ 577201 = 758² + 51² + 6².

ಕೊನೆಯದು, ಎರಡು ವರ್ಗಗಳ ವ್ಯತ್ಯಾಸ. ಚೌಕ ತೋಟದ ನಡುವೆ ಚೌಕ ಕೆರೆ ತೋಡಿದ ಹಾಗೆ. ಭಾಜಕಗಳ ಜೋಡಿ ತೆಗೆದುಕೊಳ್ಳಿ. ಅವುಗಳ ಮೊತ್ತದ ಅರ್ಧ ತೋಟದ ಬದಿ, ವ್ಯತ್ಯಾಸದ ಅರ್ಧ ಕೆರೆಯ ಬದಿ. 323 ಮತ್ತು 1787ಕ್ಕೆ 1055² − 732². 19 ಮತ್ತು 30379ಕ್ಕೆ 15199² − 15180². 17 ಮತ್ತು 33953ಕ್ಕೆ 16985² − 16968². 1 ಮತ್ತು ಸಂಖ್ಯೆಗೆ 288601² − 288600². ನಾಲ್ಕು ಜೋಡಿ, ನಾಲ್ಕು ದಾರಿ. ಐದನೆಯದು ಇಲ್ಲ.

## ಹಂತ 10: ದ್ವಿಮಾನ ರೂಪ

ಸಂಖ್ಯೆಯನ್ನು 0 ಮತ್ತು 1 ಮಾತ್ರ ಬಳಸಿ ಬರೆಯುವುದೇ ದ್ವಿಮಾನ ರೂಪ. ಅರ್ಧ ಮಾಡುತ್ತಾ ಹೋಗಿ, ಪ್ರತಿ ಸಲ ಉಳಿದ 0 ಅಥವಾ 1 ಬರೆದುಕೊಳ್ಳಿ, ಕೊನೆಗೆ ಕೆಳಗಿನಿಂದ ಮೇಲಕ್ಕೆ ಓದಿ: 10001100111010110001. ಇಪ್ಪತ್ತು ಸ್ಥಾನ, ಹತ್ತು ಒಂದು, ಹತ್ತು ಸೊನ್ನೆ.

ಮೇಲಿನಿಂದ ಕೆಳಕ್ಕೆ ಓದುವುದು ಇಲ್ಲಿನ ತಪ್ಪು. ಹಾಗೆ ಓದಿದರೂ 1ರಿಂದ ಶುರುವಾಗಿ 1ಕ್ಕೇ ಮುಗಿಯುವುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ವಾಪಸ್ ಕೂಡಿಸಿ ನೋಡಿ: 524288 + 32768 + 16384 + 2048 + 1024 + 512 + 128 + 32 + 16 + 1.

## ಸಂಖ್ಯೆ ಇನ್ನೂ ದೊಡ್ಡದಾದರೆ

ಹನ್ನೆರಡು ಅಂಕಿಯಾದರೆ ಗಡಿ ಹತ್ತು ಲಕ್ಷದವರೆಗೆ ಹೋಗಬಹುದು. ಅದರೊಳಗೆ 78498 ಅವಿಭಾಜ್ಯಗಳಿವೆ. ಕೈಯಲ್ಲಿ ಆಗದ ಮಾತು. ಲಿನಕ್ಸ್ ಕಂಪ್ಯೂಟರ್ ಇದ್ದರೆ ಟರ್ಮಿನಲ್‌ನಲ್ಲಿ "ಫ್ಯಾಕ್ಟರ್" ಎಂಬ ಕಮಾಂಡ್ ಕೊಟ್ಟರೆ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಉತ್ತರ ಬರುತ್ತದೆ. ಎಕ್ಸೆಲ್ ಬಳಸುವವರು ಹುಷಾರು. ಅದು 15 ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಮುಂದಿನವನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ನೀವು ಬಿಡಿಸುತ್ತಿರುವುದು ಬೇರೆಯದೇ ಸಂಖ್ಯೆ ಆಗಿಬಿಟ್ಟಿರುತ್ತದೆ.

## ಅಭ್ಯಾಸಕ್ಕೆ ನಮ್ಮ ಸುತ್ತಲಿನ ಊರುಗಳು

ಸಾಗರದ 577401 ಸುಲಭವಾಗಿ ಶುರುವಾಗುತ್ತದೆ: 3×11×17497. ಆದರೆ 17497 ಅವಿಭಾಜ್ಯ ಎಂದು ಬರೆಯುವ ಮೊದಲು 131ರವರೆಗೆ ನೋಡಲೇಬೇಕು. ತಾಳ್ಮೆ ಬೇಕಾಗುವುದು ಇದಕ್ಕೇ.

ಭದ್ರಾವತಿಯ 577301ರಲ್ಲಿ 43ರವರೆಗೆ ಏನೂ ಸಿಗುವುದಿಲ್ಲ. 23ಕ್ಕೆ ಒಂದೇ ಒಂದು ಉಳಿದು ಆಸೆ ಹುಟ್ಟಿಸುತ್ತದೆ. 47ಕ್ಕೆ ಬಾಗಿಲು ತೆರೆಯುತ್ತದೆ: 47×71×173.

ತೀರ್ಥಹಳ್ಳಿಯ 577432ರಿಂದ ಮೊದಲು ಮೂರು ಸಲ 2 ತೆಗೆಯಿರಿ. ಉಳಿಯುವುದು 72179, ಹೊಸ ಗಡಿ 268. ಮೊದಲ ಪುಟದ ಪಟ್ಟಿಯನ್ನು ಹಿಡಿದು ಹೋಗಿ. ಪಟ್ಟಿ ಮುಗಿಯಲು ಇನ್ನು ಒಂದೇ ಬಾಕಿ ಇದೆ ಅನ್ನುವಾಗ 89 ಬರುತ್ತದೆ, ಮತ್ತು 89×811 = 72179.